ತಮ್ಮಯ್ಯನ ಪಥ್ಯ

ಪಥ್ಯ ಹೇಳುವವನ ಮುಖ ಯಾರಿಗೂ ಚೆನ್ನಾಗಿ ಕಾಣುವುದಿಲ್ಲ. ಇದನ್ನು ನಾನು ಕನ್ನಡಿ ನೋಡಿಕೊಂಡು ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ತಿನ್ನುವ ಪದಾರ್ಥಗಳನ್ನು ಸೃಷ್ಟಿ ಮಾಡುವಾಗ ದೇವರು ಏನೋ ಅವಸರದಲ್ಲಿದ್ದಿರಬೇಕು. ಮೈಗೆ ಹಿತವಾದದ್ದಕ್ಕೆಲ್ಲ ಹಸಿರು ಬಣ್ಣ ಬಳಿದು, ಒಗರೋ ಕಹಿಯೋ ಕೊಟ್ಟು, ಮೈಗೆ ಆಗದ್ದಕ್ಕೆಲ್ಲ ಹೊಂಬಣ್ಣ ಹಚ್ಚಿ, ತುಪ್ಪ ಸುರಿದು, ಏಲಕ್ಕಿ ಉದುರಿಸಿ ಕಳುಹಿಸಿಬಿಟ್ಟ. ಹೀಗಿರುವಾಗ ಒಬ್ಬರ ಕೈಯಿಂದ ಒಬ್ಬಟ್ಟು ಕಿತ್ತುಕೊಂಡು ಅಲ್ಲಿ ಹೊನಗೊನೆ ಸೊಪ್ಪನ್ನು ಇಡುವವನನ್ನು ಯಾರು ತಾನೇ ಪ್ರೀತಿಸಿಯಾರು? ನಾನು ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಲೆಕ್ಕ, ಭೂಗೋಳಗಳ ಜೊತೆಗೆ ಆರೋಗ್ಯಶಾಸ್ತ್ರದ ಪಾಠವೂ ನನ್ನ ತಲೆಗೇ ಬಂದಿತ್ತು. ಬೇರೆಯವರಿಗೆ ಹಿತ ಹೇಳುವ ಚಟ ನನಗೆ ಹತ್ತಿಕೊಂಡದ್ದು ಹಾಗೆ. ಬೀಡಿಯ ಚಟವಾದರೆ ಒಬ್ಬನನ್ನೇ ಕೆಡಿಸುತ್ತದೆ, ಇದು ಮನೆಮಂದಿಯ ನೆಮ್ಮದಿಯನ್ನೆಲ್ಲ ಕೆಡಿಸುತ್ತದೆ. ಈ ಚಟಕ್ಕೆ ಬಿದ್ದು ನಾನು ಕೈಹಾಕಿದ ಕೆಲಸಗಳಲ್ಲಿ ಪೂರ್ತಿಯಾಗಿ ಗೆದ್ದದ್ದು ಒಂದೇ. ಒಂದು ಮೊಲದ ಮರಿಗೆ ಪುರಿ ಬೆಲ್ಲ ಬಿಡಿಸಿ ಹುಲ್ಲು ತಿನ್ನುವುದನ್ನು ಕಲಿಸಿದ್ದು. ಸೋತ ಕೆಲಸಗಳು ನನಗೆ ಈಗ ನೆನಪೂ ಇಲ್ಲ. ಗೆದ್ದ ಇದೊಂದು ನೆನಪಾದಾಗ ಮಾತ್ರ ಮನಸ್ಸು ಪೆಚ್ಚಾಗುತ್ತದೆ.

ನನ್ನ ಊರು ಯಳಂದೂರು. ಹೆಂಡತಿ ಗಿರಿಜೆಯ ತವರು ಹನೂರಿನಿಂದಾಚೆಯ ಅಜ್ಜೀಪುರ. ನಾವಿಬ್ಬರೂ ಸಂಸಾರ ಹೂಡಿದ್ದು ಇವೆರಡರ ನಡುವೆ, ಕೊಳ್ಳೇಗಾಲದಲ್ಲಿ, ನೇಕಾರರ ಬೀದಿಯ ಒಂದು ಬಾಡಿಗೆ ಮನೆಯಲ್ಲಿ. ಈಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಲಾರದು. ಆದರೆ ನಮ್ಮ ಮದುವೆಯಾದ ಕಾಲಕ್ಕೆ ಕೊಳ್ಳೇಗಾಲ, ಹನೂರುಗಳೆಲ್ಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಯಳಂದೂರು ಮೈಸೂರು ಸೀಮೆ. ನಡುವೆ ಇದ್ದದ್ದು ಸ್ವಲ್ಪ ಹೊತ್ತಿನ ಬಸ್ಸಿನ ದಾರಿಯಾದರೂ, ನನ್ನ ಮಾವ ಪುಟ್ಟಮಾದಪ್ಪನವರ ಲೆಕ್ಕದಲ್ಲಿ ಅವರು ಮಗಳನ್ನು ಪರರಾಜ್ಯಕ್ಕೆ ಕೊಟ್ಟಿದ್ದರು. ಐವತ್ತಾರರಲ್ಲಿ ಎಲ್ಲವೂ ಒಂದೇ ರಾಜ್ಯವಾಯಿತು. ಆದರೆ ಮಾವನವರ ಮನಸ್ಸಿನೊಳಗಿನ ಗಡಿಕಲ್ಲು ಮಾತ್ರ ಅಲ್ಲಾಡಲಿಲ್ಲ. ನನ್ನ ಮಾತು ಅವರಿಗೆ ರುಚಿಸದಿದ್ದಾಗಲೆಲ್ಲ "ಮೈಸೂರಿನೋರು ಅಂಗೇ ಬುಡಿ" ಎಂದು, ನನ್ನ ಜೊತೆಗೆ ಮಹಾರಾಜರನ್ನೂ ದಿವಾನರನ್ನೂ ಒಟ್ಟಿಗೆ ಮುಗಿಸಿಬಿಡುತ್ತಿದ್ದರು.

ಮಾವನವರು ಅನುಕೂಲಸ್ಥ ರೈತರು. ಹೊಲ, ತೋಟ, ಕೊಟ್ಟಿಗೆ ತುಂಬ ದನ. ಅತ್ತೆ ತೀರಿಕೊಂಡ ಮೇಲೆ ಬೇಸಾಯವನ್ನೆಲ್ಲ ಗಂಡುಮಕ್ಕಳಿಗೆ ವಹಿಸಿ ಜಗುಲಿಯ ಮೇಲೆ ಕೂತಿದ್ದರು. ಕೂತವರಿಗೆ ಸಕ್ಕರೆ ಕಾಯಿಲೆ ಬಂತು. ಕೊಳ್ಳೇಗಾಲದ ಡಾಕ್ಟರ ಹತ್ತಿರ ತೋರಿಸಿಕೊಳ್ಳಲೆಂದು ಮಕ್ಕಳು ನಮ್ಮ ಮನೆಗೆ ತಂದುಬಿಟ್ಟರು. ಡಾಕ್ಟರು ಅನ್ನ ಕಡಿಮೆ ಮಾಡಿ, ಸಿಹಿ ಪೂರ್ತಿ ಬಿಡಿ, ಮುದ್ದೆ ಸೊಪ್ಪು ಉಣ್ಣಿ, ಬೆಳಗ್ಗೆ ಎದ್ದು ನಡೆಯಿರಿ ಎಂದರು. ಮಾವನವರು ತಲೆಯಾಡಿಸಿ ಹೊರಗೆ ಬಂದು, ಈ ಡಾಕ್ಟರು ಯಾವ ಕಡೆಯವರೆಂದು ನನ್ನನ್ನು ಕೇಳಿದರು. ಮೈಸೂರಿನವರಂತೆ ಎಂದೆ. "ಅದ್ಕೇ ಮತ್ತ. ಕೊಯಮತ್ತೂರಿನ ಡಾಕ್ಟರಾಗಿದ್ರ ಬೆಲ್ಲ ತಿನ್ಬ್ಯಾಡ ಅಂತ ಅನ್ನಂಗೇ ಇಲ್ಲ" ಎಂದರು. ಆ ಊರಿನ ಡಾಕ್ಟರು ಬೆಲ್ಲವನ್ನು ಔಷಧಿಯಾಗಿ ಬರೆದುಕೊಡುತ್ತಿದ್ದರೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅಳಿಯನಾದವನು ಮಾವನ ತಟ್ಟೆಯ ಕಡೆ ನೋಡುವುದೇ ಮರ್ಯಾದೆಯಲ್ಲ. ಇನ್ನು ಅದರಿಂದ ತೆಗೆಯುವ ಮಾತೆಲ್ಲಿ ಬಂತು? ಮಗಳು ಹೇಳಿದರೆ "ಆಯ್ತು ಕಣವ್ವ" ಎನ್ನುತ್ತಿದ್ದರು. ಹೇಳಿ ಆಚೆ ತಿರುಗುವಷ್ಟರಲ್ಲಿ ಕೈ ಬೆಲ್ಲದ ಡಬ್ಬಿಯಲ್ಲಿರುತ್ತಿತ್ತು.

ಈ ನಡುವೆ ಯಳಂದೂರಿನಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದ ಮಾವನವರು ಸಂಜೆ ವಾಪಸು ಬಂದಾಗ ಹೆಗಲ ಮೇಲಿನ ಟವಲು ಹೆಗಲ ಮೇಲಿರಲಿಲ್ಲ. ಗಂಟು ಕಟ್ಟಿ ಎದೆಗೆ ಅವುಚಿಕೊಂಡಿದ್ದರು. ಬಿಚ್ಚಿದರೆ ಒಳಗೆ ಹತ್ತಿಯ ಉಂಡೆಯಂಥ ಒಂದು ಬಿಳಿ ಮೊಲದ ಮರಿ. ಆಗತಾನೇ ತಾಯಿಯ ಹಾಲು ಬಿಟ್ಟಿತ್ತಂತೆ. ನೆಂಟರ ಪಕ್ಕದ ಮನೆಯವರು ಸಾಕಿದ ಮೊಲ ಮರಿ ಹಾಕಿತ್ತು. ಇವರು ನೋಡುತ್ತ ನಿಂತಿದ್ದನ್ನು ಕಂಡು ಒಂದನ್ನು ಕೈಗೆ ಕೊಟ್ಟುಬಿಟ್ಟಿದ್ದರು. ಬಸ್ಸಿನಲ್ಲಿ ಅದು ಹೆದರಿ ನಡುಗಿದ್ದರಿಂದ ಇವರು ಕಡ್ಲೆಪುರಿ ಕೊಂಡು ಒಂದೊಂದಾಗಿ ತಿನ್ನಿಸಿಕೊಂಡು ಬಂದಿದ್ದರು. "ಅಳೀಂದ್ರೆ, ಇವ ನಿಮ್ಮೂರಿನೋನೇ ಕಣ್ರಿ. ಆಗ ಎಣ್ಣು ಕೊಟ್ಟು ಎಳಂದೂರಿಂದ ಒಬ್ಬನ್ನ ತಕಂಡಿದ್ದೆ, ಈಗ ಯಾನೂ ಕೊಡ್ದೆ ಇನ್ನೊಬ್ಬನ್ನ ತಕಂಡು ಬಂದೆ" ಎಂದರು. ಎರಡರಲ್ಲಿ ಯಾವ ವ್ಯಾಪಾರ ಲಾಭದ್ದೆಂದು ಅವರ ಮುಖವೇ ಹೇಳುತ್ತಿತ್ತು. ಆಮೇಲೆ ಮರಿಯನ್ನು ಮುಖದ ಹತ್ತಿರ ಎತ್ತಿ ಹಿಡಿದು "ಯಾನಪ್ಪ ತಮ್ಮಯ್ಯ" ಎಂದರು. ಆ ಕಡೆ ಗಂಡುಮಕ್ಕಳನ್ನು ಮುದ್ದಿಗೆ ಕರೆಯುವ ಹೆಸರು ಅದು. ನಮಗೆ ಮಕ್ಕಳಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಮಾವನವರು ಆ ವಿಷಯವನ್ನು ಒಂದು ದಿನವೂ ಎತ್ತಿದವರಲ್ಲ. ಗಿರಿಜೆ ಒಂದು ಕ್ಷಣ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ, ಹಳೆಯ ಹತ್ತಿ ಸೀರೆಯೊಂದನ್ನು ಮಡಿಸಿ ತಂದು ಬುಟ್ಟಿಯೊಳಗೆ ಹಾಸಿದಳು. ಮೊಲಕ್ಕೆ ತಮ್ಮಯ್ಯ ಎಂಬ ಹೆಸರೇ ಉಳಿಯಿತು.

ತಮ್ಮಯ್ಯ ಬಂದ ಮೇಲೆ ನಮ್ಮ ಮನೆ ಮದುವೆ ಮನೆಯಾಯಿತು. ಬೆಳಗ್ಗೆ ಪುರಿ, ಹುರಿಗಡಲೆ. ಮಧ್ಯಾಹ್ನ ನೆನೆಸಿದ ಅವಲಕ್ಕಿ, ಅದಕ್ಕೆ ಬೆಲ್ಲದ ಪುಡಿ. ಸಂಜೆ ಕೊಬ್ಬರಿ ತುರಿ, ಬಾಳೆಹಣ್ಣು. ನಡುನಡುವೆ ಹೊತ್ತು ಹೋಗದಿದ್ದಾಗ ರವೆ ಉಂಡೆಯ ಚೂರು. ಮಾವನವರು ಜಗುಲಿಯ ಮೇಲೆ ಕೂತು ಅಂಗೈ ಚಾಚಿ "ತಮ್ಮಯ್ಯ" ಎಂದರೆ ಸಾಕು, ನಡುಮನೆಯ ಯಾವ ಮೂಲೆಯಲ್ಲಿದ್ದರೂ ಅದು ಕುಪ್ಪಳಿಸುತ್ತ ಬಂದು, ಪಂಚೆಯ ಮೇಲೆ ಮುಂಗಾಲಿಟ್ಟು, ಹಿಂಗಾಲಿನ ಮೇಲೆ ನಿಂತು ಅಂಗೈಗೆ ಮೂತಿ ಹಾಕುತ್ತಿತ್ತು. ಮೀಸೆ ತಗುಲಿ ಕಚಗುಳಿಯಾದರೆ ಮಾವನವರು ನಗುತ್ತಿದ್ದರು. ಅವರು ಶಬ್ದ ಮಾಡಿ ನಗುವುದನ್ನು ನಾನು ಮೊದಲು ಕೇಳಿದ್ದು ಆಗಲೇ. ಪಕ್ಕದ ಮನೆಯ ಕನಕಮ್ಮನವರು ಮಗ್ಗದ ಕೆಲಸಕ್ಕೆ ಲಾಳಿ ಸುತ್ತುತ್ತಿದ್ದವರು ಅದನ್ನು ಬಿಟ್ಟು ಬಂದು ಗೋಡೆಗೊರಗಿ ನೋಡುತ್ತಿದ್ದರು. ಅವರ ತವರು ಸತ್ಯಮಂಗಲದ ಕಡೆ, ಕನ್ನಡದ ನಡುವೆ ತಮಿಳು ತೂರಿಕೊಳ್ಳುತ್ತಿತ್ತು. "ಪಾವಂ, ತಾಯಿಲ್ಲದ ಪಿಳ್ಳೆ, ಚೆನ್ನಾಗಿ ತಿನ್ನಲಿ ಬಿಡಿ ಮೇಷ್ಟ್ರೇ" ಎಂದು, ತಾವೂ ಸೆರಗಿನ ತುದಿಯಿಂದ ಒಂದು ಹಿಡಿ ಪುರಿ ಬಿಚ್ಚುತ್ತಿದ್ದರು.

ತಮ್ಮಯ್ಯನ ಹೆಸರಿನಲ್ಲಿ ಮಾವನವರ ಚಾಪೆಯ ತಲೆದೆಸೆಗೆ ಒಂದು ಬೆಲ್ಲದ ಡಬ್ಬಿಯೂ ಸ್ಥಾಪನೆಯಾಯಿತು. ಅದು ಖಾಲಿಯಾಗುತ್ತಿದ್ದ ವೇಗವನ್ನು ನೋಡಿದರೆ ನಮ್ಮ ಮನೆಯಲ್ಲಿರುವುದು ಮೊಲವೋ ಎತ್ತೋ ಎಂದು ಸಂಶಯ ಬರುತ್ತಿತ್ತು. ಗಿರಿಜೆ ಕೇಳಿದರೆ "ಅವನ್ಗ ಕೊಟ್ಟೆ" ಎನ್ನುತ್ತಿದ್ದರು. ತಮ್ಮಯ್ಯನನ್ನು ಕರೆದು ವಿಚಾರಿಸುವ ಹಾಗಿರಲಿಲ್ಲ.

ಒಂದು ಬೆಳಗ್ಗೆ ತಮ್ಮಯ್ಯ ಕರೆದರೆ ಬರಲಿಲ್ಲ. ಒರಳುಕಲ್ಲಿನ ಹಿಂದೆ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಸಣ್ಣಗೆ ಹಲ್ಲು ಮಸೆಯುತ್ತ ಕೂತಿತ್ತು. ಮಾವನವರು ಪುರಿ ಹಿಡಿದರು, ಮೂಸಲಿಲ್ಲ. ಬೆಲ್ಲ ಹಿಡಿದರು, ಮುಖ ತಿರುಗಿಸಿತು. ಹೊಟ್ಟೆ ಮುಟ್ಟಿದರೆ ತಮಟೆಯ ಹಾಗೆ ಬಿಗಿದಿತ್ತು. ಮಾವನವರ ಮುಖ ಬಿಳಿಚಿಕೊಂಡಿತು. ನಾನು ಶಾಲೆಗೆ ರಜೆ ಹೇಳಿ ಕಳುಹಿಸಿ ಅವರ ಜೊತೆ ದನದ ಆಸ್ಪತ್ರೆಗೆ ಹೋದೆ. ಅಲ್ಲಿ ಎತ್ತು, ಎಮ್ಮೆ, ಹಾಲು ಬತ್ತಿದ ಹಸುಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತವರು ನಾವಿಬ್ಬರೇ. ಬುಟ್ಟಿಯಲ್ಲಿ ಕೋಳಿಯೇ ಎಂದು ಯಾರೋ ಕೇಳಿದರೆ ಮಾವನವರು ಟವಲನ್ನು ಬುಟ್ಟಿಯ ಮೇಲೆ ಇನ್ನಷ್ಟು ಎಳೆದರು.

ದನದ ಡಾಕ್ಟರು ಎಳೆ ವಯಸ್ಸಿನವರು, ಮಾತು ಬಿರುಸು. ಮರಿಯ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಏನು ಹಾಕ್ತಿದ್ದೀರಿ ಇದಕ್ಕೆ?" ಎಂದರು. ಮಾವನವರು ಪುರಿಯಿಂದ ಶುರುಮಾಡಿ ಅವಲಕ್ಕಿ, ಕೊಬ್ಬರಿ, ಬಾಳೆಹಣ್ಣು, ರವೆ ಉಂಡೆಯವರೆಗೆ ಎಲ್ಲವನ್ನೂ, ತಾವು ಯಾವುದರಲ್ಲೂ ಕಡಿಮೆ ಮಾಡಿಲ್ಲವೆಂಬ ಧ್ವನಿಯಲ್ಲಿ ಹೇಳಿದರು. ಡಾಕ್ಟರು ಪೂರ್ತಿ ಕೇಳಿಸಿಕೊಂಡು, "ಇದು ಮೊಲ ಯಜಮಾನ್ರೇ, ಮನೆಗೆ ಬಂದ ಬೀಗರಲ್ಲ" ಎಂದರು. ಬಾಯಿಗೆ ಏನೋ ಔಷಧಿ ಬಿಟ್ಟರು, ಹೊಟ್ಟೆಯನ್ನು ಮೆಲ್ಲಗೆ ನೀವುತ್ತಿರಲು ಹೇಳಿದರು. "ಸಂಜೆವರೆಗೆ ಹಿಕ್ಕೆ ಹಾಕಿದರೆ ಉಳೀತು. ಉಳಿದರೆ ಕೇಳಿ. ಇದರ ಹೊಟ್ಟೆಗೆ ಬೇಕಾಗಿರೋದು ಹುಲ್ಲು. ಒಣಗಿದ ಗರಿಕೆ ಹುಲ್ಲು ಯಾವಾಗಲೂ ಮುಂದೆ ಬಿದ್ದಿರಬೇಕು, ನೀರು ಇರಬೇಕು. ಸಿಹಿ ಇವತ್ತಿಂದಲೇ ಬಂದ್. ಪುರಿ ಮಾತ್ರ ದಿಢೀರಂತ ನಿಲ್ಲಿಸಬೇಡಿ, ಎಳೆ ಹೊಟ್ಟೆ ತಡೆಯಲ್ಲ. ಚೂರು ಚೂರೇ ಕಮ್ಮಿ ಮಾಡ್ತಾ ಹುಲ್ಲು ಜಾಸ್ತಿ ಮಾಡಿ. ಸೊಪ್ಪು ಕೊಡೋದಾದರೆ ಒಂದೊಂದೇ ಹೊಸದು, ಸ್ವಲ್ಪ ಸ್ವಲ್ಪ. ಭೇದಿಯಾದರೆ ನಿಲ್ಲಿಸಿ." ಇಷ್ಟು ಹೇಳಿ ಅವರು ಎಮ್ಮೆಯ ಕಡೆ ತಿರುಗಿದರು.

ದಾರಿಯುದ್ದಕ್ಕೂ ಮಾವನವರು ಬುಟ್ಟಿಯನ್ನು ಎದೆಗೆ ಅವುಚಿಕೊಂಡೇ ನಡೆದರು. ಮನೆಯ ಹತ್ತಿರ ಬಂದಾಗ, "ಕೈಯಾರ ಸಾಯಿಸ್ಬುಡ್ತಿದ್ದೆ ಅಲ್ವ ಅಳೀಂದ್ರೆ" ಎಂದರು. ಆರೋಗ್ಯಶಾಸ್ತ್ರದ ಇಡೀ ಪಾಠ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅದೊಂದು ಸಲ ನುಂಗಿಕೊಂಡದ್ದಕ್ಕೆ ನನ್ನ ಬಗ್ಗೆ ನನಗೆ ಈಗಲೂ ಸಮಾಧಾನವಿದೆ. ಅವರು ಜಗುಲಿಯ ಮೇಲೆ ಕೂತು ತೊಡೆಯ ಮೇಲೆ ಮರಿಯನ್ನು ಮಲಗಿಸಿಕೊಂಡು ಹೊಟ್ಟೆ ನೀವುತ್ತಲೇ ಇದ್ದರು. ಮುದ್ದೆ ಬೇಡವೆಂದರು, ಕಾಫಿ ಬೇಡವೆಂದರು. ಗಿರಿಜೆ ಒಲೆಯ ಉರಿ ತಗ್ಗಿಸಿದಳು. ಕನಕಮ್ಮನವರ ಮನೆಯ ಮಗ್ಗವೂ ಆ ದಿನ ಯಾಕೋ ಮೆಲ್ಲಗೆ ಆಡಿದ ಹಾಗಿತ್ತು. ಬಿಸಿಲು ಜಗುಲಿಯಿಂದ ಇಳಿದು ಬೀದಿಗೆ ಹೋದ ಹೊತ್ತಿಗೆ ಮಾವನವರು "ಗಿರಿಜಾ, ಬಾರವ್ವ ಇಲ್ಲಿ" ಎಂದು ಕೂಗಿದರು. ನಾವು ಗಾಬರಿಯಿಂದ ಓಡಿದೆವು. ಅವರ ಹೊಸ ಪಂಚೆಯ ಮೇಲೆ ಕರಿಮೆಣಸಿನಂತೆ ಕೆಲವು ಹಿಕ್ಕೆಗಳು ಬಿದ್ದಿದ್ದವು. ಅವುಗಳನ್ನು ಅವರು ಮಲ್ಲಿಗೆ ಮೊಗ್ಗು ತೋರಿಸುವ ಹಾಗೆ ತೋರಿಸಿದರು. ಕನಕಮ್ಮನವರನ್ನೂ ಕರೆಸಿದರು. ಅಷ್ಟು ಜನ ಸೇರಿ ಅಷ್ಟು ಸಂತೋಷದಿಂದ ಅಂಥ ಪದಾರ್ಥವನ್ನು ನೋಡಿದ್ದು ನಮ್ಮ ಬೀದಿಯಲ್ಲಿ ಅದೇ ಮೊದಲಿರಬೇಕು.

ಅಲ್ಲಿಗೆ ಪಥ್ಯದ ಕಾರುಬಾರು ನನ್ನ ಕೈಗೆ ಬಂತು. ತಮ್ಮಯ್ಯ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಹುಲ್ಲು ಹಾಕಿದರೆ ಅದರ ಮೇಲೆ ಹತ್ತಿ ಮಲಗುತ್ತಿತ್ತು. ಪುರಿ ಸ್ವಲ್ಪ ಕಡಿಮೆಯಾಗಿದ್ದು ಗೊತ್ತಾಗಿ ಮಣ್ಣಿನ ಬೋಗುಣಿಯನ್ನು ಮೂತಿಯಿಂದ ಮಗುಚಿ ಹಾಕುತ್ತಿತ್ತು. ಹಿಂಗಾಲಿನಿಂದ ನೆಲವನ್ನು ಧಪ್ಪೆಂದು ಒದ್ದು, ನನ್ನ ಕಡೆಗೆ ಬೆನ್ನು ಮಾಡಿ ಕೂರುತ್ತಿತ್ತು. ನನ್ನ ತರಗತಿಯಲ್ಲಿ ಕೂಡ ಅಷ್ಟು ಖಚಿತವಾಗಿ ಯಾರೂ ನನ್ನನ್ನು ಧಿಕ್ಕರಿಸಿರಲಿಲ್ಲ. ನಾನು ಬಗ್ಗಲಿಲ್ಲ. ಮಾವನವರ ಕರುಳು ತಡೆಯದೆ, "ಎಲ್ಡು ಕಾಳು ಪುರಿ ಇಕ್ಕಿದ್ರ ಯಾನಾದದು" ಎಂದು ಗೊಣಗುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ತಮ್ಮ ಊಟದ ತಟ್ಟೆಯನ್ನು ಎತ್ತಿಕೊಂಡು ಹೋಗಿ ತಮ್ಮಯ್ಯನ ಬುಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅದರ ಮುಂದೆ ಒಣಹುಲ್ಲು, ಇವರ ಮುಂದೆ ಮುದ್ದೆ, ಸೊಪ್ಪಿನ ಸಾರು. ಗಿರಿಜೆಯನ್ನು ಕರೆದು ಬೆಲ್ಲದ ಡಬ್ಬಿಯನ್ನು ಕೈಗಿತ್ತರು. "ತಕಂಡೋಗವ್ವ. ಇವ ಉಲ್ಲು ಕಡೀವಾಗ ನಾನು ಬೆಲ್ಲ ಕಡಿಯದು ಯಾವ ನ್ಯಾಯ?"

ಡಾಕ್ಟರು ಹೇಳಿ ಆಗದ್ದು, ಮಗಳು ಹೇಳಿ ಆಗದ್ದು, ಹೀಗೆ ಮೊಲದಿಂದ ಆಯಿತು. ನನಗೆ ಒಂದು ಹೊಸ ದಾರಿ ತೆರೆಯಿತು. ಮಾವನವರಿಗೆ ನೇರವಾಗಿ ಹೇಳಲಾಗದ್ದನ್ನೆಲ್ಲ ನಾನು ತಮ್ಮಯ್ಯನಿಗೆ ಹೇಳತೊಡಗಿದೆ. "ತಮ್ಮಯ್ಯ, ಅನ್ನ ಇನ್ನೂ ಸ್ವಲ್ಪ ಕಮ್ಮಿ ಮಾಡಿದರೆ ನಿನಗೇ ಒಳ್ಳೆಯದು" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಮಾವನವರು ಉಣ್ಣುತ್ತಲೇ, "ಕೇಳುಸ್ಕಂಡಾ ತಮ್ಮಯ್ಯ? ಮೇಷ್ಟ್ರು ನಿಂಗ ಅನ್ನ ಬ್ಯಾಡ ಅಂತಾವ್ರ. ನಿಂಗ ಯಾರು ಅನ್ನ ಇಕ್ಕಿದ್ರು ಅಂತ ಕೇಳು" ಎನ್ನುತ್ತಿದ್ದರು. "ತಮ್ಮಯ್ಯ, ದಿನಾ ಬೆಳಗ್ಗೆ ಓಡಾಡಬೇಕಪ್ಪ" ಎಂದರೆ, "ಓಡಾಡು ತಮ್ಮಯ್ಯ, ನಿಂಗ ನಾಕು ಕಾಲವ. ನಂಗ ಎರಡೇ ಅಂತ ಮೇಷ್ಟ್ರಿಗ ಏಳು" ಎನ್ನುತ್ತಿದ್ದರು. ಮೊಲ ಇಬ್ಬರ ಮುಖವನ್ನೂ ನೋಡಿ ಕಿವಿ ಕೊಡವುತ್ತಿತ್ತು. ಮಾವ ಅಳಿಯಂದಿರ ನಡುವೆ ಅಷ್ಟು ಮರ್ಯಾದೆಯ ಜಗಳ ಇನ್ನೆಲ್ಲೂ ನಡೆದಿರಲಾರದು.

ಹುಲ್ಲು ತರುವ ಕೆಲಸ ಮೊದಮೊದಲು ನನ್ನದೇ ಆಗಿತ್ತು. ಕೈಚೀಲ ಹಿಡಿದು ಮುಳ್ಳೂರಿನ ಕಡೆಯ ರಸ್ತೆಯಲ್ಲಿ ಗದ್ದೆಯ ಬದುಗಳ ಮೇಲೆ ಗರಿಕೆ ಕೀಳುತ್ತಿದ್ದ ನನ್ನನ್ನು ಕಂಡು ಮೇಷ್ಟ್ರು ಗಣಪತಿಗೆ ಏನೋ ದೊಡ್ಡ ಹರಕೆ ಹೊತ್ತಿದ್ದಾರೆಂದು ಊರಿನಲ್ಲಿ ಸುದ್ದಿಯಾಯಿತು. ಹೆಡ್‌ಮಾಸ್ತರರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಸಂಸಾರದಲ್ಲಿ ಶುಭ ಸಮಾಚಾರವೇನಾದರೂ ಇದೆಯೇ ಎಂದು ಕೇಳಿದರು. ಮೊಲಕ್ಕೆ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ನಕ್ಕೆ. ಸ್ವಲ್ಪ ದಿನಗಳ ಮೇಲೆ ಮಾವನವರೂ ಜೊತೆಗೆ ಬರತೊಡಗಿದರು. ನಾನು ಕಿತ್ತದ್ದರಲ್ಲಿ ಅರ್ಧ ಬರೀ ಕಳೆಯೆಂದು ಬಿಸಾಡುವುದಕ್ಕೇ ಬರುತ್ತಿದ್ದರೆಂದು ನಾನು ತಿಳಿದಿದ್ದೆ. ಆದರೆ ಬದುವಿನ ಮೇಲೆ ಅಕ್ಕಪಕ್ಕ ಕುಕ್ಕರಗಾಲಲ್ಲಿ ಕೂತಾಗ, ಮನೆಯಲ್ಲಿ ಆಡದ ಮಾತು ಅವರ ಬಾಯಿಂದ ಬರುತ್ತಿತ್ತು. ಮುಖ ನೋಡಬೇಕಾಗಿರಲಿಲ್ಲವಲ್ಲ, ಅದಕ್ಕಿರಬೇಕು.

ಹಾಗೊಂದು ದಿನ ಅವರು ಗರಿಕೆಯ ಮಣ್ಣು ಕೊಡವುತ್ತ ಹೇಳಿದರು: "ನಾನು ಗಿರಿಜಾನ ಎತ್ಕಂಡೇ ಇಲ್ಲ ಕಣ್ರಿ ಅಳೀಂದ್ರೆ. ನಮ್ಮಪ್ಪ ಇದ್ರಲ್ಲ, ದೊಡ್ಡೋರ ಮುಂದ ತನ್ನ ಮಕ್ಳ ತಾನು ಎತ್ತಂಗಿರ್ನಿಲ್ಲ ಆಗ. ಅದು ಅಂಬೆಗಾಲಿಕ್ಕಂಡು ಬಂದು ಪಂಚೆ ಇಡ್ಕಂಡ್ರ, ಸುಮ್ಕ ಬುಡಿಸ್ಕಂಡು ಒಲಕ ಓಯ್ತಿದ್ದೆ. ಒಂದು ತುತ್ತು ಬಾಯ್ಗಿಟ್ಟೋನಲ್ಲ. ನಮ್ಮಪ್ಪ ತೀರ್ಕಂಡಾಗ ಅವ್ಳು ದೊಡ್ಡೋಳಾಗಿದ್ಲು." ಅಷ್ಟು ಹೇಳಿ ಇನ್ನೊಂದು ಗರಿಕೆಗೆ ಕೈ ಹಾಕಿದರು. ತಮ್ಮಯ್ಯನ ಮುಂದೆ ಚಾಚುತ್ತಿದ್ದ ಆ ಅಂಗೈಯ ಮೇಲಿನ ಹಿಡಿ ಪುರಿ ಯಾವ ತುತ್ತೆಂದು ನನಗೆ ತಿಳಿದದ್ದು ಆಗ. ತಿಳಿದು ಮಾಡುವಂಥದ್ದೇನೂ ಇರಲಿಲ್ಲ. ಪುರಿ ಮತ್ತೆ ಕೊಟ್ಟರೆ ಮರಿ ಸಾಯುತ್ತದೆ. ನಾನು ಚೀಲದ ಬಾಯಿ ಹಿಡಿದೆ, ಅವರು ಹುಲ್ಲು ತುಂಬಿದರು.

ಪುರಿ ಚೂರು ಚೂರೇ ಕಡಿಮೆಯಾಗಿ ಒಂದು ದಿನ ಪೂರ್ತಿ ನಿಂತುಹೋಯಿತು. ತಮ್ಮಯ್ಯ ಹುಲ್ಲಿಗೆ ಒಗ್ಗಿತು. ಒಗ್ಗಿತು ಎಂದರೆ ಸಾಲದು, ಹುಲ್ಲಿನ ಭಕ್ತನಾಯಿತು. ಮೈ ತುಂಬಿ, ಕೂದಲು ಹೊಳೆದು, ನಡುಮನೆಯಲ್ಲಿ ಗಾಳಿಯಲ್ಲೇ ತಿರುಗಿ ನೆಗೆಯುವಷ್ಟು ಚುರುಕಾಯಿತು. ಮುಲ್ಲಂಗಿ ಸೊಪ್ಪು, ಕೊತ್ತಂಬರಿ ಸೊಪ್ಪುಗಳನ್ನು ಒಂದೊಂದಾಗಿ ಕಲಿತುಕೊಂಡಿತು. ಮಾವನವರ ಕಾಯಿಲೆಯೂ ಹತೋಟಿಗೆ ಬಂತು. ಮೈಸೂರಿನ ಡಾಕ್ಟರು ಅವರ ಬೆನ್ನು ತಟ್ಟಿದರು. ನಾನು ಆ ದಿನಗಳಲ್ಲಿ ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ಓಡಾಡುತ್ತಿದ್ದೆನೆಂದು ಗಿರಿಜೆ ಈಗಲೂ ಹೇಳುತ್ತಾಳೆ.

ಆದರೆ ಮಾವನವರು ಜಗುಲಿಯ ಮೇಲೆ ಕೂತು "ತಮ್ಮಯ್ಯ" ಎಂದರೆ ತಮ್ಮಯ್ಯ ಬರುತ್ತಿರಲಿಲ್ಲ. ತಲೆ ಎತ್ತಿ ನೋಡುತ್ತಿತ್ತು. ಬಾಯಲ್ಲಿ ಹುಲ್ಲಿನ ಕಡ್ಡಿ ಆಡುತ್ತಿತ್ತು. ಮತ್ತೆ ತನ್ನ ಕೆಲಸಕ್ಕೆ ತಲೆ ತಗ್ಗಿಸುತ್ತಿತ್ತು. ಅವರು ಹುಲ್ಲನ್ನೇ ಅಂಗೈಯಲ್ಲಿ ಹಿಡಿದು ಕರೆದು ನೋಡಿದರು. ಬುಟ್ಟಿಯ ಮುಂದೆ ಅದೇ ಹುಲ್ಲು ರಾಶಿ ಬಿದ್ದಿರುವಾಗ ಜಗುಲಿಯವರೆಗೆ ಯಾರು ಬರುತ್ತಾರೆ? ಯಾವಾಗಲೂ ಮುಂದೆ ಬಿದ್ದಿರಬೇಕೆಂದು ಡಾಕ್ಟರೇ ಹೇಳಿದ್ದರಲ್ಲ. ರಾಶಿಯನ್ನು ಸ್ವಲ್ಪ ಹೊತ್ತು ಎತ್ತಿಡೋಣವೇ ಎಂದು ನಾನು ಕೇಳಿದೆ. ಮಾವನವರು ಬೇಡವೆಂದರು. "ಒಟ್ಟ ತುಂಬ್ಕಂಡದ ಅವನ್ಗ. ಅಸಿವು ಮಾಡ್ಸಿ ಕರಿಯದು ಯಾವ ಪ್ರೀತಿ? ಆರೋಗ್ಯವಾಗವ್ನ, ಅಷ್ಟು ಸಾಕು ಬುಡಿ." ಹಾಗೆಂದು ಅಂಗೈಯಲ್ಲಿದ್ದ ಹುಲ್ಲನ್ನು ಕೊಡವಿ, ಕೈಯನ್ನು ಪಂ‍ಚೆಗೆ ಒರೆಸಿಕೊಂಡರು. ಆಮೇಲೆ ಕರೆಯುವುದನ್ನು ನಿಲ್ಲಿಸಿದರು. ನಮ್ಮ ಮನೆಯಲ್ಲಿ ನಗುವಿನ ಶಬ್ದವೂ ನಿಂತಿತು. ಎಲ್ಲರೂ ಆರೋಗ್ಯವಾಗಿದ್ದೆವು.

ಆರೋಗ್ಯವಾದವರು ಮಗಳ ಮನೆಯಲ್ಲಿ ಯಾಕೆ ಇರುತ್ತಾರೆ? ಮಾವನವರು ಅಜ್ಜೀಪುರಕ್ಕೆ ಹೊರಟರು. ತಮ್ಮಯ್ಯನನ್ನು ಕರೆದುಕೊಂಡು ಹೋಗಿ ಎಂದೆ. ಅಲ್ಲಿ ನಾಯಿಗಳ ಕಾಟ, ಇಲ್ಲೇ ಇರಲಿ ಎಂದರು. ಹನೂರಿನ ಕಡೆಯ ಬಸ್ಸು ಹತ್ತಿಸಿ ವಾಪಸು ಬಂದಾಗ ತಮ್ಮಯ್ಯ ಹುಲ್ಲು ತಿನ್ನುತ್ತಿತ್ತು. ಗಿರಿಜೆ ಚಾಪೆ ಸುತ್ತಿ ಮೂಲೆಗಿಟ್ಟಿದ್ದಳು. "ಸಕ್ಕರೆ ಇಳಿದದ್ದು ಒಳ್ಳೇದೇ ಆಯ್ತು, ಅಲ್ವಾ?" ಎಂದು ನನ್ನನ್ನು ಕೇಳಿದಳು. ಒಳ್ಳೆಯದೇ ಎಂದೆ. ಇಬ್ಬರೂ ಅದನ್ನು ಇನ್ನೊಮ್ಮೆ ಹೇಳಿಕೊಂಡೆವು.

ಆಮೇಲೆ ಅವರು ಬಂದದ್ದು ಅಪರೂಪ. ಕಾಯಿಲೆಯಿದ್ದಿದ್ದರೆ ತಿಂಗಳಿಗೊಮ್ಮೆಯಾದರೂ ಡಾಕ್ಟರ ನೆಪದಲ್ಲಿ ಬರುತ್ತಿದ್ದರು. ನಾನು ಆ ನೆಪವನ್ನೂ ವಾಸಿಮಾಡಿಬಿಟ್ಟಿದ್ದೆ. ಹುಲ್ಲಿಗೆ ಮತ್ತೆ ನಾನೊಬ್ಬನೇ ಹೋಗುತ್ತಿದ್ದೆ. ಬದುವಿನ ಮೇಲೆ ಕೂತಾಗ, ಕಳೆ ಬಿಸಾಡುವವರು ಇಲ್ಲದೆ ಚೀಲ ಬೇಗ ತುಂಬುತ್ತಿತ್ತು.

ತಮ್ಮಯ್ಯ ಮೊಲಕ್ಕೆ ಸಲ್ಲುವ ಆಯುಸ್ಸನ್ನು ಪೂರ್ತಿಯಾಗಿ ಬದುಕಿತು. ಒಂದು ದೀಪಾವಳಿಯ ಮಾರನೆಯ ಬೆಳಗ್ಗೆ ನೋಡಿದರೆ, ಹುಲ್ಲಿನ ರಾಶಿಗೆ ತಲೆ ಆನಿಸಿ ಮಲಗಿದ್ದು ಏಳಲಿಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಗಿರಿಜೆ ಬಸ್ಸಿನ ಕಂಡಕ್ಟರ ಹತ್ತಿರ ಅಜ್ಜೀಪುರಕ್ಕೆ ಹೇಳಿ ಕಳುಹಿಸಿದಳು. ಮೊಲ ಸತ್ತಿದ್ದಕ್ಕೆ ಹೇಳಿ ಕಳುಹಿಸುವುದೇ ಎಂದು ನನಗೆ ಅನ್ನಿಸಿತು, ಅನ್ನಲಿಲ್ಲ. ಮಾವನವರು ಸಿಕ್ಕಿದ ಬಸ್ಸಿಗೇ ಬಂದರು. ಬಹಳ ಇಳಿದುಹೋಗಿದ್ದರು, ಕೈಯಲ್ಲಿ ಕೋಲು ಬಂದಿತ್ತು. ಹಿತ್ತಲಿನಲ್ಲಿ ನಾನು ಗುಂಡಿ ತೋಡಿದೆ. ಅವರು ಹೊಸ ಟವಲಿನಲ್ಲಿ ಅದನ್ನು ಸುತ್ತಿ ಒಳಗಿಟ್ಟರು. ಮಣ್ಣು ಮುಚ್ಚಿದ ಮೇಲೆ ಕೋಲಿನ ಮೇಲೆ ಗದ್ದವೂರಿ ನಿಂತು, "ಆಯಸ್ಸು ಕೊಟ್ರಿ ಅಳೀಂದ್ರೆ ನೀವು ಅವ್ನಿಗ. ನಾನಾಗಿದ್ರ ಅಂದೇ ಓಗ್ಬುಡ್ತಿದ್ದ" ಎಂದರು. ಹೊಗಳಿಕೆಯೇ ಅದು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಯಾಕೋ ತಲೆ ಎತ್ತಿ ಕೇಳಿಸಿಕೊಳ್ಳಲಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಹಬ್ಬದ ಮಾರನೆಯ ದಿನವಾದ್ದರಿಂದ ಕನಕಮ್ಮನವರು ಒಂದು ತಟ್ಟೆ ಕಜ್ಜಾಯ ಕಳುಹಿಸಿದ್ದರು. ಗಿರಿಜೆ ಅದನ್ನು ನಮ್ಮಿಬ್ಬರ ನಡುವೆ ಇಟ್ಟು ಒಳಗೆ ಹೋದಳು. ನನಗೆ ಏನನ್ನಿಸಿತೋ, ಒಂದು ಕಜ್ಜಾಯವನ್ನು ತೆಗೆದು ಮಾವನವರ ತಟ್ಟೆಗೆ ಹಾಕಿದೆ. "ಬ್ಯಾಡಿ ಅಳೀಂದ್ರೆ" ಎಂದರು. "ಒಂದು ದಿನಕ್ಕೆ ಏನೂ ಆಗಲ್ಲ ಮಾವ" ಎಂದೆ. ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. "ಅದಕ್ಕಲ್ಲ. ಆಸೆನೇ ಓಗ್ಬುಟ್ಟದ. ಬಾಯ್ಗಿಟ್ರ ಯಾನೂ ಗೊತ್ತಾಗಲ್ಲ ಈಗ" ಎಂದು ಅದನ್ನೆತ್ತಿ ನನ್ನ ತಟ್ಟೆಗೆ ಹಾಕಿದರು. "ನೀವು ತಿನ್ನಿ. ನಾನು ನೋಡ್ತೀನಿ."

ನಾನು ತಿಂದೆ. ಅವರು ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು. ಮುಗಿಯುವ ಮೊದಲೇ ಇನ್ನೊಂದನ್ನು ಹಾಕಿದರು. ಅದನ್ನೂ ತಿಂದೆ. ಮತ್ತೊಂದಕ್ಕೆ ಅವರ ಕೈ ಹೋದಾಗ ಗಿರಿಜೆ ಅಡುಗೆಮನೆಯ ಬಾಗಿಲಿಗೆ ಬಂದು, "ಅಪ್ಪಯ್ಯಾ, ಅವರಿಗೆ ಹಾಕಬೇಡಿ. ಹೊಟ್ಟೆ ನೋಡಿ ಹೇಗೆ ಬಂದಿದೆ. ನಾಳೆಯಿಂದ ಅವರಿಗೂ ಮುದ್ದೆ ಸೊಪ್ಪು ಅಂತ ಡಾಕ್ಟರು ಹೇಳಿಯಾಗಿದೆ" ಎಂದಳು. ಮಾವನವರ ಕೈ ಕಜ್ಜಾಯದ ಮೇಲೆ ಹಾಗೇ ನಿಂತಿತು. ಅವರು ನನ್ನ ಮುಖ ನೋಡಿದರು. ಆರೋಗ್ಯಶಾಸ್ತ್ರದ ಮೇಷ್ಟ್ರಾದ ನಾನು, ಗಿರಿಜೆ ಆ ಕಡೆ ತಿರುಗುವುದನ್ನೇ ಕಾದಿದ್ದು, ನನ್ನ ತಟ್ಟೆಯನ್ನು ಶಬ್ದವಾಗದ ಹಾಗೆ ಅವರ ಕಡೆಗೆ ಸರಿಸಿದೆ.